ಚಿತ್ರಕ್ಕೆ ಕಥೆ, ಕಥೆಗೆ ಚಿತ್ರ: ಎಂಟು ಮಂದಿ ಗೆಳೆಯರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾವು ಹುಬ್ಬಳ್ಳಿ, ಧಾರವಾಡ ಮತ್ತು ಗದಗ-ಬೆಟಗೇರಿಯ ಎಂಟು ಮಂದಿ ಗೆಳೆಯರು. ನಾಲ್ವರು ಬರೆಯುತ್ತೇವೆ, ನಾಲ್ವರು ಚಿತ್ರ ಬಿಡಿಸುತ್ತಾರೆ. ಒಂದು ವರ್ಷದಿಂದ ತಿಂಗಳಿಗೊಮ್ಮೆ ಕೂಡುತ್ತಿದ್ದೇವೆ. ಒಬ್ಬರ ಚಿತ್ರ ನೋಡಿ ಇನ್ನೊಬ್ಬರು ಕಥೆ ಬರೆಯುವುದು, ಆ ಕಥೆ ಓದಿ ಮೂರನೆಯವರು ಚಿತ್ರ ಬಿಡಿಸುವುದು ನಮ್ಮ ಕ್ರಮ. ಮೊದಮೊದಲು ಉತ್ಸಾಹವಿತ್ತು, ಈಗ ಕಥೆಯೆಂದರೆ ಚಿತ್ರದ ವರ್ಣನೆ, ಚಿತ್ರವೆಂದರೆ ಕಥೆಯ ನಕಲು ಎನ್ನುವಂತಾಗಿದೆ. ಇದರ ಮೇಲೆ, ನಮ್ಮಲ್ಲೊಬ್ಬರ ಕಥೆಗೆ ಬಿಡಿಸಿದ ಚಿತ್ರವನ್ನು ಬಿಡಿಸಿದವನು ಕ್ಯಾಲೆಂಡರಿಗೆ ಕೊಟ್ಟಿದ್ದರಿಂದ ಅದು ಯಾರ ಸೊತ್ತು ಎಂಬ ಮಾತು ಬಂದು ಮನಸ್ತಾಪವಾಗಿದೆ. ಎಲ್ಲವನ್ನೂ ಕೂಡಿಸಿ ಪುಸ್ತಕ ಮಾಡುವ ಆಸೆಯೂ ಇದೆ. ಮಾದರಿಗಾಗಿ ಒಂದು ಚಿತ್ರ, ಅದರಿಂದ ಹುಟ್ಟಿದ ಕಥೆ, ಆ ಕಥೆಯಿಂದ ಹುಟ್ಟಿದ ಚಿತ್ರ, ಮೂರನ್ನೂ ಕಳಿಸಿದ್ದೇವೆ.
— ಓದುಗರು, ಹುಬ್ಬಳ್ಳಿ

ಉತ್ತರ: ನೀವು ಕಳಿಸಿದ ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ಎರಡು ದಿನ ನೋಡಿದೆ. ಮೊದಲನೆಯದು ಕಪ್ಪು ಮಸಿಯ ರೇಖಾಚಿತ್ರ: ಬೆಟಗೇರಿಯ ಒಂದು ಮನೆಯ ಕುಳಿಮಗ್ಗ, ಕುಳಿಯಲ್ಲಿ ಯಾರೂ ಇಲ್ಲ, ಅರ್ಧ ನೇಯ್ದ ಬಟ್ಟೆಯ ಮೇಲೆ ಲಾಳಿ ಅಡ್ಡಲಾಗಿ ಬಿದ್ದಿದೆ, ಕುಳಿಯ ಅಂಚಿಗೆ ಒಂದು ಸ್ಟೀಲ್ ಡಬ್ಬಿ. ಎರಡನೆಯದು ಆ ಚಿತ್ರ ನೋಡಿ ಬರೆದ ಕಥೆ. ಅದರ ಮೊದಲ ನಾಲ್ಕು ಸಾಲುಗಳಲ್ಲಿ ಕುಳಿ ಬರುತ್ತದೆ, ಮಗ್ಗ ಬರುತ್ತದೆ, ಲಾಳಿ ಬರುತ್ತದೆ, ಡಬ್ಬಿ ಬರುತ್ತದೆ. ಐದನೆಯ ಸಾಲಿನಿಂದ ಕೈಮಗ್ಗಕ್ಕೆ ಕಾಲವಿಲ್ಲವೆಂಬ ದುಃಖ ಶುರುವಾಗಿ ಮುದುಕ ನೇಕಾರನ ಕಣ್ಣೀರಿನಲ್ಲಿ ಕಥೆ ಮುಗಿಯುತ್ತದೆ. ಮೂರನೆಯದು ಜಲವರ್ಣ: ಅದೇ ಮಗ್ಗ, ಅದರ ಪಕ್ಕದಲ್ಲಿ ತಲೆಯ ಮೇಲೆ ಕೈ ಹೊತ್ತು ಕುಳಿತ ಅದೇ ಮುದುಕ. ಮೂವರಿಗೂ ಕೈಚಳಕವಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಎರಡನೆಯವರು ಮೊದಲನೆಯವರಿಗೆ ಹೂಂಗುಟ್ಟಿದ್ದಾರೆ, ಮೂರನೆಯವರು ಎರಡನೆಯವರಿಗೆ ಹೂಂಗುಟ್ಟಿದ್ದಾರೆ. ಮಾತುಕತೆ ನಡೆದಿಲ್ಲ.

ಈಗ ಮೊದಲ ಚಿತ್ರವನ್ನು ಮತ್ತೆ ನೋಡೋಣ. ಡಬ್ಬಿಯ ಮುಚ್ಚಳ ಬೋರಲಾಗಿಲ್ಲ, ಅಂಗಾತ ಬಿದ್ದಿದೆ. ಅದರೊಳಗೆ ನಾಲ್ಕೈದು ಚುಕ್ಕೆಗಳಿವೆ. ಶೇಂಗಾ ಚಟ್ನಿ ಇರಬಹುದು, ಉಪ್ಪು ಇರಬಹುದು. ಪಕ್ಕದಲ್ಲಿ ಮುರಿದ ರೊಟ್ಟಿಯ ಒಂದು ಚೂರು. ಅಂದರೆ ಈ ಮಗ್ಗ ಪಾಳು ಬಿದ್ದ ಮಗ್ಗವಲ್ಲ. ಇಲ್ಲಿ ಕೆಲಸ ಮಾಡುತ್ತಿದ್ದ ವ್ಯಕ್ತಿ ಊಟಕ್ಕೆ ಕೂತು, ಅರ್ಧಕ್ಕೆ ಎದ್ದು, ಇದೀಗ ಹೊರಗೆ ಹೋಗಿದ್ದಾನೆ ಅಥವಾ ಹೋಗಿದ್ದಾಳೆ. ಯಾರು ಕರೆದರು? ಕೈ ತೊಳೆಯದೆ ಏಳುವಂಥದ್ದು ಏನು ಬಂತು? ಚಿತ್ರ ಬಿಡಿಸಿದವರು ಇಷ್ಟು ದೊಡ್ಡ ಬಾಗಿಲನ್ನು ತೆರೆದಿಟ್ಟಿದ್ದಾರೆ, ಕಥೆಗಾರರು ಅದರ ಮುಂದೆಯೇ ಹಾದುಹೋಗಿದ್ದಾರೆ. ಕಾರಣ ಸರಳ: ಬೆಟಗೇರಿಯ ಖಾಲಿ ಮಗ್ಗ ಎಂದ ಕೂಡಲೇ ಅದರ ಅರ್ಥ ಅವರಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದ ಅರ್ಥಕ್ಕೆ ಉತ್ತರ ಬರೆದರೇ ಹೊರತು ಕಂಡ ವಸ್ತುವಿಗೆ ಬರೆಯಲಿಲ್ಲ.

ನಿಮ್ಮ ಕ್ರಮದಲ್ಲಿ ಒಂದೇ ಒಂದು ಬದಲಾವಣೆ ಮಾಡಿ ಎಂದು ಸೂಚಿಸುವುದಾದರೆ ನಾನು ಇದನ್ನು ಹೇಳುತ್ತೇನೆ: ಚಿತ್ರವನ್ನು ಎದುರಿಗಿಟ್ಟುಕೊಂಡು ಬರೆಯಬೇಡಿ, ಕಥೆಯನ್ನು ಮಗ್ಗುಲಲ್ಲಿಟ್ಟುಕೊಂಡು ಬಿಡಿಸಬೇಡಿ. ಬರೆಯುವವರು ಚಿತ್ರವನ್ನು ಐದು ನಿಮಿಷ ನೋಡಿ ಹಿಂದಿರುಗಿಸಬೇಕು, ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಬಾರದು. ಬಿಡಿಸುವವರಿಗೆ ಕಥೆಯನ್ನು ಕೈಗೆ ಕೊಡುವ ಬದಲು ಒಂದು ಸಲ ಓದಿ ಹೇಳಬೇಕು, ಅವರು ಮಾರನೆಯ ದಿನ ಕುಂಚ ಹಿಡಿಯಬೇಕು. ರಾತ್ರಿ ಕಳೆದ ಮೇಲೆ ಎಲ್ಲವೂ ನೆನಪಿರುವುದಿಲ್ಲ. ಯಾವುದೋ ಒಂದು ಉಳಿಯುತ್ತದೆ: ಅಂಗಾತ ಬಿದ್ದ ಮುಚ್ಚಳ, ಒಂದು ಬೈಗುಳ, ಅತ್ತೆ ಸೆರಗಿನ ತುದಿಗೆ ಗಂಟು ಹಾಕಿದ ರೀತಿ. ಉಳಿದದ್ದು ಕಥೆಯ ಮುಖ್ಯ ಸಂಗತಿಯೇ ಆಗಿರಬೇಕೆಂದಿಲ್ಲ, ಬಹಳ ಸಲ ಆಗಿರುವುದೂ ಇಲ್ಲ. ಅದನ್ನೇ ಹಿಡಿದು ಹೊರಡಬೇಕು. ಧಾರವಾಡದಲ್ಲಿ ನನಗಿಂತ ಹಿರಿಯರಾದ ಕಥೆಗಾರರೊಬ್ಬರು ಇದನ್ನು ನನಗಿಂತ ಚೆನ್ನಾಗಿ ಹೇಳುತ್ತಿದ್ದರು: "ಚಿತ್ರ ನೋಡ್ಕೋತ ಬರದ್ರ ಅದು ಕಥಿ ಆಗೂದಿಲ್ಲೋ, ಪಂಚನಾಮೆ ಆಗ್ತದ." ನಿಮ್ಮ ಕಥೆಯ ಮೊದಲ ನಾಲ್ಕು ಸಾಲುಗಳು ಪಂಚನಾಮೆ.

ಚಿತ್ರಕಾರರ ಕಡೆಯ ತಪ್ಪು ಬೇರೆ ಬಗೆಯದು, ಅದನ್ನು ನಾನು ಸ್ವತಃ ಮಾಡಿ ಕಲಿತಿದ್ದೇನೆ. ಕಥೆಗಳ ಹಸ್ತಪ್ರತಿ ಅಂಚೆಯಲ್ಲಿ ಬಂದು ಚಿತ್ರಗಳು ಬಸ್ಸಿನ ಪಾರ್ಸಲ್‌ನಲ್ಲಿ ಹೋಗುತ್ತಿದ್ದ ಕಾಲದಲ್ಲಿ ಒಂದು ವಾರಪತ್ರಿಕೆಗೆ ನಾನು ಚಿತ್ರ ಬಿಡಿಸುತ್ತಿದ್ದೆ. ಒಂದು ಕಥೆಯಲ್ಲಿ ಮುಂಬೈಯಿಂದ ಬಂದ ಮಗ ಅಣ್ಣಿಗೇರಿ ಕಡೆಯ ಎರೆಹೊಲವನ್ನೂ ಹಳೆಯ ಮನೆಯನ್ನೂ ಮಾರಲು ಓಡಾಡಿ, ಕೊನೆಯ ಸಾಲಿನಲ್ಲಿ ಬೀಗದ ಕೈಯನ್ನು ಮನೆಯ ಆಳಿನ ಕೈಗಿಟ್ಟು ಹೊರಟುಬಿಡುತ್ತಾನೆ. ನನಗೆ ಆ ಬೀಗದ ಕೈ ಎಷ್ಟು ಹಿಡಿಸಿತೆಂದರೆ, ಬಿರಿದ ಅಂಗೈ ಮೇಲೆ ಅದನ್ನು ದೊಡ್ಡದಾಗಿ ಬಿಡಿಸಿ ಕಳಿಸಿದೆ, ಅದು ಶೀರ್ಷಿಕೆಯ ಮೇಲೆಯೇ ಅಚ್ಚಾಯಿತು. ಲೇಖಕರಿಂದ ಒಂದು ಕಾರ್ಡು ಬಂತು: ತಮ್ಮ ಕೊನೆಯ ಸಾಲನ್ನು ನಾನು ಮೊದಲ ಪುಟದಲ್ಲಿ ಬರೆದುಬಿಟ್ಟೆನಂತೆ. ಅವರ ಸಿಟ್ಟು ನ್ಯಾಯವಾದದ್ದೇ. ಕಥೆ ಓದಿಸಿಕೊಳ್ಳುವುದು ಕಾಲದಲ್ಲಿ, ಸಾಲಿನ ನಂತರ ಸಾಲಾಗಿ. ಚಿತ್ರ ಒಂದೇ ನೋಟಕ್ಕೆ ಎಲ್ಲವನ್ನೂ ಕೊಡುತ್ತದೆ. ಬರೆದವನು ಎಂಟು ಪುಟ ಕಾಯಿಸಿದ್ದನ್ನು ಬಿಡಿಸಿದವನು ಎರಡು ಕ್ಷಣದಲ್ಲಿ ಖರ್ಚು ಮಾಡಿಬಿಡಬಲ್ಲ. ಆ ಕಥೆಗೆ ನಾನು ಬಾಗಿಲಲ್ಲಿ ಬಿಟ್ಟ ಮುಂಬೈ ಚಪ್ಪಲಿಯನ್ನು ಬಿಡಿಸಬಹುದಿತ್ತು. ಅದು ಮೂರನೆಯ ಪ್ಯಾರಾದಲ್ಲೇ ಇತ್ತು.

ಮಾತೇ ಚಿತ್ರವಾಗಿರುವಾಗ ಚಿತ್ರಕಾರ ಏನು ಮಾಡಬೇಕು ಎಂಬುದು ಇದಕ್ಕಿಂತ ಕಠಿಣವಾದ ಪ್ರಶ್ನೆ, ಅದಕ್ಕೆ ನಮ್ಮ ಪಕ್ಕದಲ್ಲೇ ಒಳ್ಳೆಯ ಪರೀಕ್ಷೆಯಿದೆ. ಹಾವೇರಿ ಜಿಲ್ಲೆ ಶಿಗ್ಗಾಂವಿ ಸೀಮೆಯ ಶಿಶುನಾಳದ ಷರೀಫರ (1819–1889) "ಕೋಡಗನ ಕೋಳಿ ನುಂಗಿತ್ತ, ನೋಡವ್ವ ತಂಗಿ" ಎಂಬ ತತ್ವಪದ ಎಲ್ಲರಿಗೂ ಬಾಯಿಪಾಠ. ಇದಕ್ಕೆ ಚಿತ್ರ ಬಿಡಿಸಿ ಎಂದರೆ ಹತ್ತರಲ್ಲಿ ಒಂಬತ್ತು ಮಂದಿ ಕೋಳಿಯ ಕೊಕ್ಕಿನಿಂದ ಮಂಗನ ಬಾಲ ಇಳಿಬಿದ್ದಿರುವುದನ್ನು ಬಿಡಿಸುತ್ತಾರೆ. ಮಕ್ಕಳು ನಗುತ್ತಾರೆ, ಅಲ್ಲಿಗೆ ಮುಗಿಯಿತು. ಆ ಪದದ ಬಲವಿರುವುದು ಕೇಳಿದವನ ಮನಸ್ಸು "ಅದ್ಹೆಂಗ?" ಎಂದು ತಡವರಿಸುವುದರಲ್ಲಿ, ಕೋಳಿ ಹೇಗೆ ನುಂಗಿತೆಂದು ತೋರಿಸಿದೊಡನೆ ಆ ತಡವರಿಕೆ ನಿಂತುಹೋಗುತ್ತದೆ. ಒಮ್ಮೆ ಒಂದು ಮಕ್ಕಳ ಶಿಬಿರದಲ್ಲಿ ಇದನ್ನೇ ಕೊಟ್ಟಾಗ ಎಂಟನೆಯ ತರಗತಿಯ ಒಬ್ಬ ಹುಡುಗಿ ಕೋಳಿಯನ್ನೂ ಬಿಡಿಸಲಿಲ್ಲ, ಮಂಗನನ್ನೂ ಬಿಡಿಸಲಿಲ್ಲ. ಕಿಟಕಿಯ ಸರಳು ಹಿಡಿದು ಹೊರಗೆ ನೋಡುತ್ತಿರುವ ಇನ್ನೊಬ್ಬ ಹುಡುಗಿಯನ್ನು, ಅವಳ ಹೆಗಲ ಮೇಲೆ ಹಿಂದಿನಿಂದ ಇಟ್ಟ ಒಂದು ಕೈಯನ್ನು ಬಿಡಿಸಿದ್ದಳು. ಯಾರಿವಳು ಎಂದು ಕೇಳಿದರೆ, "ತಂಗಿರೀ. ನೋಡು ಅಂತ ಹೇಳ್ತಾರಲ್ಲ, ಅವಳು" ಎಂದಳು. ಎಷ್ಟು ವರ್ಷಗಳಿಂದ ಹಾಡು ಕೇಳುತ್ತಿದ್ದರೂ ಅದರಲ್ಲಿ ಒಬ್ಬ ತಂಗಿ ಇದ್ದಾಳೆ, ಅವಳು ಏನನ್ನೋ ನೋಡುತ್ತಿದ್ದಾಳೆ ಎಂಬುದು ನನಗೆ ಹೊಳೆದಿರಲಿಲ್ಲ. ಆ ಚಿತ್ರ ನೋಡಿದ ಮೇಲೆ ಹಾಡು ಬೇರೆಯಾಗಿ ಕೇಳಿಸುತ್ತದೆ. ಒಂದು ಕೃತಿಗೆ ಇನ್ನೊಂದು ಉತ್ತರ ಕೊಟ್ಟಿದೆ ಎಂದು ನಾನು ಒಪ್ಪುವುದು ಇಂಥದ್ದನ್ನು ಕಂಡಾಗ.

ಬರಹವೂ ಚಿತ್ರವೂ ಒಂದೇ ಚೌಕಟ್ಟಿನಲ್ಲಿ ಕೆಲಸ ಹಂಚಿಕೊಳ್ಳುವುದನ್ನು ನೋಡಬೇಕೆಂದರೆ ಒಂದು ಭಾನುವಾರ ಎಂಟೂ ಮಂದಿ ಹಾನಗಲ್ಲಿನ ಕಡೆ ಹೋಗಿ ಬನ್ನಿ. ತಾರಕೇಶ್ವರ ಗುಡಿಯನ್ನು ನೋಡುವುದು ಹೇಗೂ ಇದ್ದದ್ದೇ, ಆದರೆ ಆ ಸೀಮೆಯ ವೀರಗಲ್ಲುಗಳ ಮುಂದೆ ಹೆಚ್ಚು ಹೊತ್ತು ನಿಲ್ಲಿ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಅದರ ಮೇಲೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ತುದಿಯಲ್ಲಿ ಲಿಂಗದ ಎದುರು ಕುಳಿತ ವೀರ, ಸೂರ್ಯ ಮತ್ತು ಚಂದ್ರ. ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಶಾಸನ. ಅಕ್ಷರಗಳು ಆಳುವ ಅರಸನ ಹೆಸರು, ಶಕವರ್ಷ, ಊರು, ವೀರನ ಹೆಸರು, ದನಗಳನ್ನು ಹೊಡೆದೊಯ್ಯುವ ತುರುಗೋಳಿನಲ್ಲಿ ಸತ್ತನೋ ಊರನ್ನು ಹಾಳುಗೆಡಹುವ ಊರಳಿವಿನಲ್ಲಿ ಸತ್ತನೋ ಎಂಬುದನ್ನು ಹೇಳುತ್ತವೆ. ಎತ್ತಿದ ಕತ್ತಿಯ ಓರೆ, ಹಸುಗಳ ತಲೆ ಒಂದರ ಹಿಂದೊಂದು ಜೋಡಿಸಿರುವ ಬಗೆ, ಬಿಲ್ಲಿನ ಬಾಗು, ಇವನ್ನು ಶಿಲ್ಪ ಹೇಳುತ್ತದೆ. ವೀರನ ಹೆಸರನ್ನು ಶಿಲ್ಪಿ ಕೆತ್ತಿ ತೋರಿಸಲಾರ, ತೋಳಿನ ಬಾಗನ್ನು ಶಾಸನಕಾರ ಅಕ್ಷರದಲ್ಲಿ ತರಲಾರ. ಎರಡರಲ್ಲಿ ಒಂದನ್ನು ಅಳಿಸಿದರೆ ಕಲ್ಲು ಅರ್ಧವಾಗುತ್ತದೆ. ನಿಮ್ಮ ಪುಸ್ತಕದ ಪ್ರತಿ ಜೋಡಿ ಪುಟಕ್ಕೂ ಈ ಪರೀಕ್ಷೆ ಒಡ್ಡಿ ನೋಡಿ: ಚಿತ್ರ ತೆಗೆದರೆ ಕಥೆಗೆ ಏನೂ ನಷ್ಟವಿಲ್ಲವೆಂದಾದರೆ ಆ ಚಿತ್ರ ಬರೀ ಅಲಂಕಾರ.

ಚಿತ್ರವೇ ಮುಂದೆ ನಿಂತು ಬರಹವನ್ನು ಹಿಂದೆ ಕರೆದೊಯ್ದದ್ದೂ ನಮ್ಮ ಕಡೆ ಇದೆ. ಗದಗಿನ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯಂಥ ಕಂಪನಿಗಳ ಕಾಲದಲ್ಲಿ ಬೀದಿ, ಅರಮನೆ, ಕಾಡು ಎಂದು ಬಣ್ಣ ಬಳಿದ ಪರದೆಗಳು ಕಂಪನಿಯ ಆಸ್ತಿಯೆನಿಸಿದ್ದವು. ಹಿಂದೆ ದೊಡ್ಡ ಸೀನು ಜೋಡಿಸುವಷ್ಟು ಹೊತ್ತು ಮುಂದೆ ಬೀದಿಯ ಪರದೆ ಬಿಟ್ಟು ಆಟ ನಡೆಸಬೇಕಾಗಿತ್ತು. ಪಾರ್ಸಿ ರಂಗಭೂಮಿಯಿಂದ ಬಂದ ಈ ಪದ್ಧತಿಗಾಗಿಯೇ ನಾಟಕಕಾರರು ಬೀದಿಯಲ್ಲಿ ನಡೆಯಬಹುದಾದ ಹಾಸ್ಯದ ದೃಶ್ಯಗಳನ್ನು ಹೊಸೆದರು. ಅಂದರೆ ಎಷ್ಟೋ ನಗೆಮಾತುಗಳ ಮೂಲ ಪುರುಷ ಒಂದು ಬಣ್ಣದ ಬಟ್ಟೆ. ಅಡಚಣೆಯಿಂದ ಬರಹ ಕೆಡುತ್ತದೆ ಎನ್ನುವವರಿಗೆ ನಾನು ಈ ಉದಾಹರಣೆ ಕೊಡುತ್ತೇನೆ. ನೀವೂ ಕೆಲವು ಅಡಚಣೆ ಹಾಕಿಕೊಳ್ಳಿ: ಚಿತ್ರ ಪೋಸ್ಟ್ ಕಾರ್ಡಿನ ಅಳತೆ ಮೀರಬಾರದು, ಕಥೆ 500 ಪದ ಮೀರಬಾರದು, ಹತ್ತು ದಿನದಲ್ಲಿ ಮುಗಿಯಬೇಕು, ಮುಗಿಯುವ ತನಕ ಇಬ್ಬರೂ ಆ ಬಗ್ಗೆ ಫೋನಿನಲ್ಲಿ ಮಾತಾಡಬಾರದು. ಕೊನೆಯದು ಎಲ್ಲಕ್ಕಿಂತ ಮುಖ್ಯ. "ನಾನು ಏನಂದುಕೊಂಡು ಬಿಡಿಸಿದೆ ಅಂದ್ರ…" ಎಂದು ಚಿತ್ರಕಾರ ಬಾಯಿಬಿಟ್ಟರೆ ಬರೆಯುವವರಿಗೆ ಮಾಡಲು ಕೆಲಸ ಉಳಿಯುವುದಿಲ್ಲ.

ಇನ್ನು ಸೊತ್ತಿನ ಮಾತು. ನಾನು ವಕೀಲನಲ್ಲ, ಆದರೆ ಪ್ರಕಾಶನದ ಕೆಲಸದಲ್ಲಿ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಜೊತೆ ಸಾಕಷ್ಟು ಒಡನಾಡಿದ್ದೇನೆ. ವಿಚಾರಕ್ಕೆ, ವಸ್ತುವಿಗೆ ಹಕ್ಕುಸ್ವಾಮ್ಯವಿಲ್ಲ, ಅದನ್ನು ಹೇಳಿದ ರೀತಿಗೆ ಇದೆ. ಒಂದು ನಾಟಕದ ವಸ್ತುವನ್ನು ಚಲನಚಿತ್ರಕ್ಕೆ ಎತ್ತಿಕೊಂಡರೆಂಬ ದೂರಿನ ಮೇಲೆ ಸುಪ್ರೀಂ ಕೋರ್ಟು 1978ರಲ್ಲಿ ಕೊಟ್ಟ ತೀರ್ಪು ಇದನ್ನು ಸ್ಪಷ್ಟಪಡಿಸಿದೆ. ಹಾಗಾಗಿ ಖಾಲಿ ಮಗ್ಗದ ಚಿತ್ರ ನೋಡಿ ಖಾಲಿ ಮಗ್ಗದ ಕಥೆ ಬರೆದರೆ ಆ ಕಥೆ ಬರೆದವರದ್ದು. ಅದರ ಪಕ್ಕದಲ್ಲಿ ಆ ಚಿತ್ರವನ್ನೇ ಅಚ್ಚು ಹಾಕಬೇಕೆಂದರೆ ಮಾತ್ರ ಬಿಡಿಸಿದವರ ಒಪ್ಪಿಗೆ ಬೇಕು.

ಕಥೆಯಿಂದ ಚಿತ್ರಕ್ಕೆ ಹೋಗುವಾಗ ಒಂದು ಸೂಕ್ಷ್ಮವಿದೆ. ಕಥೆಯನ್ನು ಅಥವಾ ಅದರ ಘಟನೆಗಳನ್ನು ಪೂರ್ತಿಯಾಗಿ ಇಲ್ಲವೆ ಮುಖ್ಯವಾಗಿ ಚಿತ್ರಗಳ ಮೂಲಕವೇ ಹೇಳಿ, ಅದು ಪುಸ್ತಕದಲ್ಲೋ ಪತ್ರಿಕೆಯಲ್ಲೋ ಅಚ್ಚಾಗುವ ರೂಪದಲ್ಲಿದ್ದರೆ, ಕಾಯ್ದೆ ಅದನ್ನು ರೂಪಾಂತರವೆಂದು ಕರೆಯುತ್ತದೆ, ರೂಪಾಂತರದ ಹಕ್ಕು ಬರೆದವರದ್ದು. ಹನ್ನೆರಡು ತಿಂಗಳಿಗೆ ಹನ್ನೆರಡು ಚಿತ್ರ ಬಿಡಿಸಿ ಇಡೀ ಕಥೆಯನ್ನು ಹೇಳಿದ್ದರೆ ನಿಮ್ಮ ಗೆಳೆಯ ಕಥೆಗಾರರನ್ನು ಕೇಳಬೇಕಿತ್ತು. ನಿಮ್ಮ ಪತ್ರದ ಪ್ರಕಾರ ಕ್ಯಾಲೆಂಡರಿಗೆ ಹೋದದ್ದು ಒಂದೇ ಚಿತ್ರ, ಅದರ ಕೆಳಗೆ ಕಥೆಯ ಒಂದು ಸಾಲೂ ಇಲ್ಲ. ಅದು ಬಿಡಿಸಿದವನ ಸೊತ್ತು, ಅದನ್ನು ಕೊಡಲು ಅವನಿಗೆ ಅಧಿಕಾರವಿತ್ತು. ಆದರೂ ಕಥೆಗಾರರಿಗೆ ಒಂದು ಮಾತು ತಿಳಿಸದೆ ಕೊಟ್ಟದ್ದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ; ಕಾಯ್ದೆ ಬಿಟ್ಟುಕೊಟ್ಟದ್ದನ್ನೆಲ್ಲ ಗೆಳೆತನ ಬಿಟ್ಟುಕೊಡುವುದಿಲ್ಲ. ಕ್ಯಾಲೆಂಡರಿನ ಮೂಲೆಯಲ್ಲಿ "ಇಂಥವರ ಕಥೆ ಕೇಳಿ ಬಿಡಿಸಿದ್ದು" ಎಂದು ಸಣ್ಣಕ್ಷರದಲ್ಲಿ ಹಾಕಿಸಿದ್ದರೆ ನಿಮ್ಮ ಪತ್ರದಲ್ಲಿ ಈ ಭಾಗ ಇರುತ್ತಲೇ ಇರಲಿಲ್ಲ. ಅವನು ಈಗಲೂ ಒಂದು ಪ್ರತಿ ತಗೊಂಡು ಅವರ ಮನೆಗೆ ಹೋಗಬಹುದು.

ಪುಸ್ತಕ ಮಾಡುವಾಗ "ಎಂಟೂ ಜನರದ್ದು" ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಒಬ್ಬರ ಪಾಲು ಎಲ್ಲಿ ಮುಗಿಯಿತು, ಇನ್ನೊಬ್ಬರದು ಎಲ್ಲಿ ಶುರುವಾಯಿತು ಎಂದು ಬೇರ್ಪಡಿಸಲಾಗದ ಕೃತಿಯನ್ನು ಮಾತ್ರ ಕಾಯ್ದೆ ಜಂಟಿ ಕರ್ತೃತ್ವವೆಂದು ಒಪ್ಪುತ್ತದೆ. ಕಥೆ ಮತ್ತು ಚಿತ್ರ ಕಣ್ಣಿಗೆ ಕಾಣುವಂತೆ ಬೇರೆಬೇರೆ, ಆದ್ದರಿಂದ ಹಕ್ಕೂ ಬೇರೆಬೇರೆ. ಪ್ರಕಾಶಕರಿಗೆ ಹಕ್ಕು ಬಿಟ್ಟುಕೊಡುವುದು ಬರಹದಲ್ಲೇ ಆಗಬೇಕು. ಎಷ್ಟು ವರ್ಷಕ್ಕೆ ಎಂದು ನಮೂದಿಸದಿದ್ದರೆ ಅದು 5 ವರ್ಷಕ್ಕೆ, ಎಲ್ಲಿಗೆ ಎಂದು ನಮೂದಿಸದಿದ್ದರೆ ಭಾರತದೊಳಕ್ಕೆ ಮಾತ್ರ ಎಂದು ಕಾಯ್ದೆ ಹಿಡಿಯುತ್ತದೆ. ಹಕ್ಕು ಬಿಟ್ಟುಕೊಟ್ಟ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ, ಗೌರವಕ್ಕೆ ಕುಂದು ಬರುವಂತೆ ತಿರುಚಿದರೆ ತಡೆಯುವ ಅಧಿಕಾರ ಕರ್ತೃವಿನಲ್ಲಿಯೇ ಉಳಿಯುತ್ತದೆ. ಪುಟವಿನ್ಯಾಸ ಮಾಡುವವರು ಜಾಗ ಸಾಲದೆಂದು ಮಗ್ಗದ ಚಿತ್ರದ ಎಡಗಡೆಯ ಒಂದು ಇಂಚನ್ನು ಕತ್ತರಿಸಿದರೆ ಡಬ್ಬಿಯೇ ಹೋಗುತ್ತದೆ, ಡಬ್ಬಿ ಹೋದರೆ ಚಿತ್ರವೇ ಹೋದಂತೆ. ಆದ್ದರಿಂದ ಕೊನೆಯ ಪ್ರೂಫನ್ನು ಬಿಡಿಸಿದವರು ನೋಡದೆ ಮುದ್ರಣಕ್ಕೆ ಬಿಡಬಾರದೆಂದು ಒಪ್ಪಂದದಲ್ಲೇ ಬರೆಸಿಕೊಳ್ಳಿ. ಚಿತ್ರ ಕಥೆಯ ಮೊದಲು ಬರಬೇಕೋ ನಂತರ ಬರಬೇಕೋ ಎಂಬುದನ್ನೂ ಈಗಲೇ ನಿರ್ಧರಿಸಿ. ಕಥೆಯಿಂದ ಹುಟ್ಟಿದ ಚಿತ್ರ ಕಥೆಯ ನಂತರದ ಪುಟದಲ್ಲಿ ಬರುವುದೇ ಒಳ್ಳೆಯದು; ಕಾರಣವನ್ನು ಬೀಗದ ಕೈಯ ಪ್ರಸಂಗದಲ್ಲಿ ಹೇಳಿದ್ದೇನೆ.

ಹೊರಗಿನವರ ಕೃತಿಯಿಂದ ಶುರುಮಾಡುವ ಯೋಚನೆಯಿದ್ದರೆ ಲೆಕ್ಕ ಸುಲಭ. ಕರ್ತೃ ತೀರಿಕೊಂಡ ಮರುವರ್ಷದ ಮೊದಲ ದಿನದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಷರೀಫರು, ಕನಕದಾಸರು, ಗದುಗಿನ ನಾರಣಪ್ಪ ಎಲ್ಲರಿಗೂ ಮುಕ್ತರು. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಆದ್ದರಿಂದ 2041ರ ಕೊನೆಯ ತನಕ ಕಾಯಬೇಕು. ಅವರ ಕವಿತೆ ಓದಿ ಸಾಧನಕೇರಿಯ ಒಂದು ಸಂಜೆಯನ್ನು ಬಿಡಿಸಲು ಯಾರ ಅಪ್ಪಣೆಯೂ ಬೇಡ. ಚಿತ್ರದ ಕೆಳಗೆ ಕವಿತೆಯನ್ನೇ ಅಚ್ಚು ಹಾಕಿ ಮಾರಬೇಕೆಂದರೆ ಹಕ್ಕುದಾರರನ್ನು ಕೇಳಬೇಕು. ಅಂತರ್ಜಾಲದಲ್ಲಿ ಸಿಕ್ಕ, ಯಾರದೆಂದು ಗೊತ್ತಿಲ್ಲದ ಚಿತ್ರವನ್ನು ಮಾತ್ರ ಆರಂಭಕ್ಕೆ ಇಟ್ಟುಕೊಳ್ಳಬೇಡಿ. ಕಾಯ್ದೆಯ ತೊಡಕು ಹಾಗಿರಲಿ, ಮರಳಿ ಉತ್ತರ ಕೊಡಲು ಆ ಕಡೆ ಯಾರೂ ಇರುವುದಿಲ್ಲ.

ಮೂರು ಲಗತ್ತುಗಳನ್ನೂ ಹಿಂದಿರುಗಿಸುತ್ತಿದ್ದೇನೆ. ಜಲವರ್ಣದ ಹಿಂಬದಿಗೆ ಪೆನ್ಸಿಲಿನಲ್ಲಿ ಒಂದೆರಡು ಮಾತು ಬರೆದಿದ್ದೇನೆ, ಬಿಡಿಸಿದವರು ಒಬ್ಬರೇ ಓದಲಿ. ಮಗ್ಗದ ರೇಖಾಚಿತ್ರವನ್ನು, ಬರೆಯುವ ನಾಲ್ವರಲ್ಲಿ ಇದುವರೆಗೆ ಅದನ್ನು ನೋಡದವರು ಯಾರಾದರೂ ಇದ್ದರೆ, ಮುಂದಿನ ಸಲ ಕೂಡಿದಾಗ ಅವರ ಕೈಗೆ ಕೊಡಿ. ಡಬ್ಬಿಯ ವಿಷಯ ಹೇಳಬೇಡಿ. ಐದು ನಿಮಿಷ ಆದ ಮೇಲೆ ವಾಪಸ್ ತಗೊಂಡು ಚೀಲದಲ್ಲಿಡಿ.